ಎಷ್ಟು ಜನರನ್ನು ಹೊಡೆದ್ರು ಅಂತ ಕೇಳಬೇಡಿ

ಕೊಡಗಿನವಳು ಅಂದ ಕೂಡಲೇ ಮುಂದಿನ ಮಾತು ಬಂದೇ ಬರುತ್ತದೆ: "ಹಾಗಾದ್ರೆ ಮನೇಲಿ ಮಿಲಿಟ್ರಿಯವರು ಇರಬೇಕಲ್ಲ?" ಇದ್ದಾರೆ. ನಮ್ಮಜ್ಜ. 1965ರ ಯುದ್ಧದಲ್ಲಿದ್ದರು. ಇಷ್ಟು ಹೇಳಿದರೆ ಸಾಕು, ಕೇಳಿದವರ ಕಣ್ಣು ಅರಳುತ್ತದೆ. "ಎಷ್ಟು ಜನರನ್ನು ಹೊಡೆದಿದ್ದಾರೆ?"

ಗೊತ್ತಿಲ್ಲ. ಮನೆಯಲ್ಲಿ ಯಾರೂ ಕೇಳಿಲ್ಲ, ಕೇಳುವುದೂ ಇಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಮಡಿಕೇರಿಯಲ್ಲಿ ಒಂದು ಮದುವೆ. ಊಟ ಮುಗಿಸಿ ಅಜ್ಜ ಕೂತಿದ್ದರು. ಹುಡುಗನ ಕಡೆಯವರೊಬ್ಬರು ಬಂದು ಕಾಲಿಗೆ ನಮಸ್ಕಾರ ಮಾಡಿದರು. ಒಳ್ಳೆಯದೇ. ಆಮೇಲೆ ಮೊಬೈಲ್ ಎತ್ತಿ ವಿಡಿಯೊ ಶುರು ಮಾಡಿ ಅದೇ ಪ್ರಶ್ನೆ ಕೇಳಿದರು. "ನಾನು ಸಿಗ್ನಲ್ಸ್‌ನಲ್ಲಿದ್ದೆ ಮಗಾ. ಲೈನ್‌ಮ್ಯಾನ್. ಟೆಲಿಫೋನ್ ವೈರ್ ಎಳೀತಿದ್ದೆ" ಅಂದರು ಅಜ್ಜ. "ಓ, ಹಾಗಾದ್ರೆ ಫ್ರಂಟಿಗೆ ಹೋಗ್ಲಿಲ್ವಾ?" ಅಂತ ಕೇಳಿ ಆ ಮನುಷ್ಯ ಮೊಬೈಲನ್ನು ಜೇಬಿಗೆ ಇಳಿಸಿದರು. ಅಜ್ಜ ಸುಮ್ಮನಿದ್ದರು. ನನಗೆ ಮೈ ಉರಿದುಹೋಯಿತು.

ಅಜ್ಜ ಇದ್ದದ್ದು ಪಂಜಾಬ್ ಗಡಿಯ ಖೇಮ್‌ಕರಣ್ ಕಡೆ. ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳು ನುಗ್ಗಿ ಬಂದ ಜಾಗ. ಅವು ಹೂತುಹೋಗಲಿ ಅಂತ ನಮ್ಮವರು ಹೊಲಗಳಿಗೆ ನೀರು ಬಿಟ್ಟಿದ್ದರು. ವೈರ್‌ಲೆಸ್‌ನಲ್ಲಿ ಆಡಿದ ಮಾತು ಶತ್ರುವಿನ ಕಿವಿಗೂ ಬೀಳುತ್ತದೆ. ಹಾಗಾಗಿ ನೆಲದ ಮೇಲೆ ಎಳೆದ ವೈರ್ ಬೇಕೇ ಬೇಕು. ಶೆಲ್ ಬಿದ್ದರೆ ವೈರ್ ಕಟ್. ನಮ್ಮದೇ ಟ್ಯಾಂಕ್ ಮೇಲೆ ಹಾದರೂ ಕಟ್. ಲೈನ್ ಸತ್ತ ಕೂಡಲೇ ಇಬ್ಬರು ಹೊರಡಬೇಕು, ಶೆಲ್ ಬೀಳುತ್ತಿದ್ದರೂ ಸರಿ.

ರಾತ್ರಿ ಟಾರ್ಚ್ ಹಾಕುವಂತಿಲ್ಲ. ವೈರನ್ನು ಅಂಗೈಯಲ್ಲಿ ಸಡಿಲವಾಗಿ ಹಿಡಿದು, ಅದು ಹೋದ ಕಡೆ ಹೋಗುವುದು. ಅಲ್ಲಲ್ಲಿ ನಿಂತು, ವೈರಿಗೆ ಫೋನ್ ಸಿಕ್ಕಿಸಿ ಹಿಡಿ ತಿರುಗಿಸುವುದು. ಹಿಂದಿನಿಂದ ಎಕ್ಸ್‌ಚೇಂಜ್ ಉತ್ತರ ಕೊಟ್ಟರೆ, ತುಂಡಾದದ್ದು ಇನ್ನೂ ಮುಂದೆ ಅಂತ ಅರ್ಥ. ಕೊನೆಗೆ ಕೈಗೆ ತುದಿ ಸಿಗುತ್ತದೆ. ಇನ್ನೊಂದು ತುದಿ ಎಲ್ಲೋ ಹಾರಿ ಬಿದ್ದಿರುತ್ತದೆ. ಕೆಸರಲ್ಲಿ ಮಂಡಿಯೂರಿ ತಡಕಾಡಬೇಕು. ನಾಟಿ ಗದ್ದೆಯಲ್ಲಿ ಬೆಳೆದ ಕಾಲು, ಅದಕ್ಕೇ ಬದುಕಿದೆ ಅನ್ನುತ್ತಾರೆ ಅಜ್ಜ. ಎರಡೂ ತುದಿ ಸಿಕ್ಕಿದ ಮೇಲೆ ಗಂಟು ಹಾಕಿ, ತಂತಿ ಹೊಸೆದು, ಟೇಪ್ ಸುತ್ತಬೇಕು. ಸುತ್ತಿದ್ದು ಸರಿಯಾಗದಿದ್ದರೆ ನೀರು ಹೋಗಿ ಮತ್ತೆ ಲೈನ್ ಸಾಯುತ್ತದೆ. ಆಗ ಇನ್ನೊಮ್ಮೆ ಹೊರಡುವವರೂ ಅವರೇ.

ಇದು ಫ್ರಂಟ್ ಅಲ್ವಾ?

1948ರಲ್ಲಿ ಕಾಶ್ಮೀರದ ಜೋಜಿಲಾ ಕಣಿವೆದಾರಿಗೆ ಟ್ಯಾಂಕ್ ಹತ್ತಿಸಿದ ನಮ್ಮ ಜನರಲ್ ತಿಮ್ಮಯ್ಯ ಅವರ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಲೇಬೇಕು. ಆ ಟ್ಯಾಂಕ್‌ಗಳಿಗೆ ದಾರಿ ಅಗಲ ಮಾಡಿಕೊಟ್ಟ ಸೇನೆಯ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್ ಬಗ್ಗೆ ಯಾರು ಕೇಳುತ್ತಾರೆ? ಅಷ್ಟೇಕೆ, ಸ್ಕ್ವಾಡ್ರನ್ ಲೀಡರ್ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋಗಿ, ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಉರುಳಿಸಿದರು. ವಾಪಸ್ ಬರಲಿಲ್ಲ. ಅವರು ಮಾಡಿದ್ದನ್ನು ಕಂಡು ಬಂದು ಹೇಳುವವರು ನಮ್ಮ ಕಡೆ ಇರಲಿಲ್ಲ. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ಅಂಥವರದ್ದೇ ಹೊರಬರಲು 23 ವರ್ಷ ಬೇಕಾಯಿತು. ಕತ್ತಲಲ್ಲಿ ವೈರ್ ಹಿಡಿದು ಹೋದ ಸಿಪಾಯಿಯ ಧೈರ್ಯ, ನಾವಾಗಿ ಕೇಳದೆ ಹೇಗೆ ಗೊತ್ತಾಗಬೇಕು?

ಅದಕ್ಕೇ ಹೇಳುತ್ತೇನೆ, "ಅಲ್ಲಿ ನಿಮ್ಮ ಕೆಲಸ ಏನಿತ್ತು?" ಅಂತ ಕೇಳಿ. ಭಯ ಆಗ್ತಿತ್ತಾ ಅಂತಲೂ ಕೇಳಬಹುದು, ಅಜ್ಜ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಕೇಳಿದ್ದೇನೆ. "ಹೋಗುವಾಗ ಅಷ್ಟಿಲ್ಲ, ವೈರ್ ಹುಡುಕುವ ಕೆಲಸ ಇರ್ತಿತ್ತು. ಲೈನ್ ಸರಿಯಾಗಿ ವಾಪಸ್ ಬರುವಾಗ ಕೈಯಲ್ಲಿ ಕೆಲಸ ಇಲ್ಲ ನೋಡು, ಆಗ ಕಾಲು ನಡುಗೋದು" ಅಂದರು.

ಅಜ್ಜನಿಗೆ ಈಗ ಕಿವಿ ಸ್ವಲ್ಪ ಮಂದ. ಹತ್ತಿರ ಕೂತು ಜೋರಾಗಿ ಕೇಳಿ. ಮೊಬೈಲ್ ಮೊದಲೇ ಜೇಬಿನಲ್ಲಿಟ್ಟು, ಬಿಡುವು ಮಾಡಿಕೊಂಡು ಬನ್ನಿ.