‘ನಮ್ಮ ವರದಿಗಾರರಿಂದ’

ನಾನು ಈ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಗ ವರದಿಗಾರಿಕೆಯ ಪಾಠ ಹೇಳುತ್ತಿದ್ದ ಮೇಷ್ಟ್ರು, ಬೆಂಗಳೂರಿನ ದಿನಪತ್ರಿಕೆಯೊಂದರಲ್ಲಿ ಬಹುಕಾಲ ದುಡಿದು ನಿವೃತ್ತರಾದವರು. ಈ ನಗರದ ದೊಡ್ಡ ಸಂಪಾದಕರ ವಿಚಾರವನ್ನು ಅವರು ಗೌರವದಿಂದಲೇ ಹೇಳುತ್ತಿದ್ದರು. ಆದರೂ ಅವರ ಮನಸ್ಸು ಎಳೆಯುತ್ತಿದ್ದುದು ‘ನಮ್ಮ ವರದಿಗಾರರಿಂದ’ ಎಂಬ ಒಂದು ಸಾಲಿನ ಮರೆಯಲ್ಲೇ ವೃತ್ತಿಜೀವನವನ್ನು ಸವೆಸಿದವರ ಕಡೆಗೆ.

ಮೆಟ್ರಿಕ್ಯುಲೇಷನ್ ದಾಟದ ಡಿ.ವಿ. ಗುಂಡಪ್ಪನವರು 1913ರಲ್ಲಿ ‘ಕರ್ನಾಟಕ’ ಪತ್ರಿಕೆಯನ್ನು ಆರಂಭಿಸಿದ್ದನ್ನೂ, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದನ್ನೂ ನಾವು ಮೊದಲು ಕೇಳಿದ್ದು ಅವರ ಬಾಯಿಂದಲೇ. 1948ರಲ್ಲಿ ಹುಟ್ಟಿದ ‘ಪ್ರಜಾವಾಣಿ’ಯನ್ನು ಬೆಳೆಸಿದ, ‘ಛೂಬಾಣ’ ಅಂಕಣದ ಟಿ.ಎಸ್. ರಾಮಚಂದ್ರರಾಯರ ಹೆಸರಿನಲ್ಲಿ ಇಂದು ಸರ್ಕಾರವೇ ಪ್ರಶಸ್ತಿ ನೀಡುತ್ತಿದೆ. ‘ಕನ್ನಡಪ್ರಭ’ದ ಸಂಪಾದಕರಾಗಿದ್ದ ಖಾದ್ರಿ ಶಾಮಣ್ಣ ಮತ್ತು ವೈಎನ್‌ಕೆ (ವೈ.ಎನ್. ಕೃಷ್ಣಮೂರ್ತಿ) ಅವರನ್ನು ನೆನೆಯುವವರೂ ಕಡಿಮೆಯಿಲ್ಲ. ಇವರೆಲ್ಲರ ಪುಟಗಳನ್ನು ದಿನವೂ ತುಂಬಿಸಿದವರು ಯಾರು ಎಂಬುದು ಮೇಷ್ಟ್ರ ಪ್ರಶ್ನೆಯಾಗಿತ್ತು.

1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ರಾತ್ರಿ ಕೆಲಸದಲ್ಲಿದ್ದ ಮೇಷ್ಟ್ರು ಅದರ ಬಗ್ಗೆ ತರಗತಿಯಲ್ಲಿ ಒಮ್ಮೆ ಮಾತ್ರ ಮಾತನಾಡಿದರು. ಸತ್ತವರ ಸಂಖ್ಯೆ ಹೇಗೋ ಸಿಗುತ್ತದೆ, ಕಷ್ಟವಿರುವುದು ಹೆಸರುಗಳ ಪಟ್ಟಿಯಲ್ಲಿ ಎಂದರು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತ ವರದಿಗಾರ ಪ್ರತಿ ಮಗುವಿನ ಹೆಸರಿನ ಎದುರು ತಂದೆಯ ಹೆಸರು, ವಯಸ್ಸು, ಬಡಾವಣೆ ಬರೆದುಕೊಳ್ಳಬೇಕು. ಒಂದೇ ಹೆಸರಿನ ಇಬ್ಬರಿದ್ದರೆ ಮತ್ತೆ ಹೋಗಿ ಕೇಳಬೇಕು. ಏಕೆಂದರೆ ಒಂದಕ್ಷರ ತಪ್ಪಿದರೂ ಬದುಕಿರುವ ಮಗುವಿನ ಮನೆಯಲ್ಲಿ ಬೆಳಗಾಗುತ್ತಲೇ ಗೋಳಾಟ ಏಳುತ್ತದೆ. ಅದನ್ನು ಪುಟ ಕಟ್ಟುವ ವೇಳೆಯೊಳಗೆ ಮಾಡಿ ಮುಗಿಸಿದ ತಮ್ಮ ಸಹೋದ್ಯೋಗಿಯ ಹೆಸರು ಮರುದಿನದ ಪತ್ರಿಕೆಯಲ್ಲಿ ಎಲ್ಲಿಯೂ ಇರಲಿಲ್ಲವೆಂದೂ, ಆತ ಅದನ್ನು ಬಯಸಿದವನೂ ಅಲ್ಲವೆಂದೂ ಹೇಳಿ ಮೇಷ್ಟ್ರು ಸುಮ್ಮನಾದರು. ಅದೇ ವರ್ಷದ ಜುಲೈಯಲ್ಲಿ ಕಳ್ಳಭಟ್ಟಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಾಗಲೂ, 1983ರಲ್ಲಿ ಗಂಗಾರಾಂ ಕಟ್ಟಡ ಕುಸಿದಾಗಲೂ ಇಂಥವರೇ ಬೀದಿಯಲ್ಲಿದ್ದರು. ಬೆಂಗಳೂರಿನ ಆ ವರ್ಷಗಳ ಚರಿತ್ರೆಯನ್ನು ಯಾರೇ ಬರೆಯಲಿ, ಅವರು ಮೊದಲು ಬಿಡಿಸಬೇಕಾದುದು ಈ ಅನಾಮಿಕರ ವರದಿಗಳನ್ನೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಹೆಸರು ಹಾಕಿ ಬರೆದವರು ತೆತ್ತ ಬೆಲೆಯೇ ಬೇರೆ. ಜಾಹೀರಾತಿನ ಹಂಗಿಲ್ಲದೆ 1980ರಲ್ಲಿ ತಮ್ಮ ಹೆಸರಿನಲ್ಲೇ ಪತ್ರಿಕೆ ಆರಂಭಿಸಿದ ಪಿ. ಲಂಕೇಶ್ 2000ದಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ಇಂಗ್ಲಿಷ್ ಪತ್ರಿಕೋದ್ಯಮದಲ್ಲಿದ್ದ ಮಗಳು ಗೌರಿ ಕನ್ನಡಕ್ಕೆ ಬಂದು ಆ ಹೊಣೆ ಹೊತ್ತರು. 2017ರ ಸೆಪ್ಟೆಂಬರ್ 5ರ ರಾತ್ರಿ ಅವರನ್ನು ಮನೆಯ ಮುಂದೆಯೇ ಗುಂಡಿಟ್ಟು ಕೊಂದ ಸುದ್ದಿಯನ್ನು ಬರೆಯಲು ಓಡಿಬಂದವರೂ ಈ ನಗರದ ವರದಿಗಾರರೇ.

ಮೇಷ್ಟ್ರು ಈಗ ಇಲ್ಲ. ನಮ್ಮ ಕಾಲೇಜಿನಿಂದ ಹೊರಟು ಈ ವೃತ್ತಿಗೆ ಸೇರಿ, ಹೆಸರಿಲ್ಲದೆ ಬರೆದು, ತೀರಿಹೋದವರು ಇನ್ನೂ ಹಲವರಿದ್ದಾರೆ. ಅವರ ಮನೆಗಳ ಟ್ರಂಕುಗಳಲ್ಲಿ ಹಳದಿಗಟ್ಟಿದ ತುಣುಕುಗಳೂ ನೋಟ್‌ಬುಕ್ಕುಗಳೂ ಇನ್ನೂ ಉಳಿದಿವೆ. ಮನೆ ಬದಲಿಸುವಾಗ ಮೊದಲು ರದ್ದಿಗೆ ಹೋಗುವುದೂ ಅವೇ. ಅವನ್ನು ಇಡಲು ನಮ್ಮ ಗ್ರಂಥಾಲಯದಲ್ಲಿ ಒಂದು ಕಪಾಟನ್ನು ಬಿಡಿಸಿಕೊಡಬೇಕೆಂದು ಪ್ರಾಂಶುಪಾಲರಲ್ಲಿ ವಿನಂತಿಸಿದ್ದೇನೆ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳು ತಮ್ಮ ಬಳಿ ಅಂಥದ್ದೇನಾದರೂ ಇದ್ದರೆ, ಅದರ ಹಿಂಬದಿಯಲ್ಲಿ ಪತ್ರಿಕೆಯ ಹೆಸರನ್ನೂ ದಿನಾಂಕವನ್ನೂ ಗೊತ್ತಿದ್ದಲ್ಲಿ ಬರೆದವರ ಹೆಸರನ್ನೂ ಪೆನ್ಸಿಲಿನಲ್ಲಿ ಗುರುತುಮಾಡಿ ಗ್ರಂಥಪಾಲಕರಿಗೆ ತಲುಪಿಸಬೇಕಾಗಿ ಕೋರುತ್ತೇನೆ.