ತಕಾಸಾಕಿಯಿಂದ ಮಿನಕಾಮಿಗೆ ಉಗಿಬಂಡಿಯಲ್ಲಿ

ಟೋಕಿಯೊದಲ್ಲಿ ತಂಗಿದವರು ಹಳೆಯ ಉಗಿಬಂಡಿ ಹತ್ತಬೇಕೆಂದರೆ ಗುನ್ಮಾ ಪ್ರಾಂತ್ಯದ ತಕಾಸಾಕಿಗೆ ಹೋಗುವುದು ಸುಲಭ. ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲಿನಲ್ಲಿ ಸುಮಾರು 50 ನಿಮಿಷ. ಅಲ್ಲಿಂದ ಬೆಟ್ಟದ ಬುಡದ ಮಿನಕಾಮಿಗೆ 59 ಕಿ.ಮೀ. ಮಾಮೂಲಿ ರೈಲು ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಸುವ ಈ ದಾರಿಗೆ ಉಗಿಬಂಡಿ ಎರಡು ಗಂಟೆ ತೆಗೆದುಕೊಳ್ಳುತ್ತದೆ.

ಇದು ದಿನವೂ ಓಡುವ ಬಂಡಿಯಲ್ಲ. ಹೆಚ್ಚಾಗಿ ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಮೊದಲು ಬಂಡಿಯ ದಿನ ನೋಡಿಕೊಂಡು ಆಮೇಲೆ ಹೋಟೆಲ್ ಗೊತ್ತು ಮಾಡಿ. ಎಲ್ಲ ಸೀಟುಗಳಿಗೂ ಮುಂಗಡ ಕಾಯ್ದಿರಿಸುವಿಕೆ ಬೇಕು. ರೈಲು ಪಾಸ್ ಇದ್ದವರೂ ಸೀಟು ಹಾಕಿಸಿಕೊಳ್ಳಲೇಬೇಕು. ಒಂದು ತಿಂಗಳ ಮುಂಚೆ ಜಪಾನಿನ ಬೆಳಿಗ್ಗೆ ಹತ್ತಕ್ಕೆ, ಅಂದರೆ ನಮ್ಮ ಆರೂವರೆಗೆ, ಬುಕಿಂಗ್ ತೆರೆಯುತ್ತದೆ. ಎಲೆ ಕೆಂಪಾಗುವ ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ತಡಮಾಡಿದರೆ ಸಿಗುವುದು ಕಷ್ಟ. ಎಂಜಿನ್ ದುರಸ್ತಿಗೆ ಹೋದಾಗ ಬೇರೆ ಎಂಜಿನ್ ಕಟ್ಟುವುದುಂಟು, ಪ್ರಕಟಣೆ ಓದಿಕೊಳ್ಳಿ.

ಬಂಡಿ ಎಳೆಯುವುದು 1940ರ ಡಿ51 498 ಅಥವಾ 1949ರ ಸಿ61 20 ಎಂಬ ಎಂಜಿನ್. ಡಿ51 ಮಾದರಿಯ ಎಂಜಿನ್‌ಗಳು ಸಾವಿರಕ್ಕೂ ಹೆಚ್ಚು ತಯಾರಾಗಿದ್ದವು; ಈಗ ಹಳಿಯ ಮೇಲೆ ಓಡುವವು ಬೆರಳೆಣಿಕೆಯಷ್ಟು. ಬೋಗಿಗಳಲ್ಲೂ ಎರಡು ಬಗೆ: ಹವಾನಿಯಂತ್ರಣವಿರುವ ನೀಲಿ ಬೋಗಿ, ಅದಕ್ಕೂ ಹಳೆಯ ಕಂದು ಬೋಗಿ. ನನ್ನ ಮಟ್ಟಿಗೆ ಕಂದು ಬೋಗಿಯೇ ಸರಿ. ಕಿಟಕಿ ಎತ್ತಿದರೆ ಕಲ್ಲಿದ್ದಲ ವಾಸನೆ ಒಳಕ್ಕೇ ಬರುತ್ತದೆ. ಸುರಂಗ ಬಂದಾಗ ಮಾತ್ರ ಕಿಟಕಿ ಇಳಿಸಿಬಿಡಿ, ಬಿಳಿ ಬಟ್ಟೆಯ ಆಸೆಯನ್ನೂ ಬಿಡಿ.

ಒಂದೇ ದಿಕ್ಕಿಗೆ ಟಿಕೆಟ್ ಸಿಕ್ಕರೆ ಹೋಗುವ ದಿಕ್ಕನ್ನೇ ಆರಿಸಿ. ಶಿಬುಕಾವಾ ದಾಟಿದ ಮೇಲೆ ತೋನೆ ನದಿಯ ಪಕ್ಕದಲ್ಲಿ ಏರು ಶುರುವಾಗುತ್ತದೆ. ಅಲ್ಲಿ ಎಂಜಿನ್ ಏದುಸಿರು ಬಿಡುವುದನ್ನು ಕೇಳಬೇಕು. ಮರಳುವಾಗ ಇಳಿಜಾರು, ಅರ್ಧ ದಾರಿ ಅದಕ್ಕೆ ಕೆಲಸವೇ ಇಲ್ಲ. ಬಂಡಿಯೊಳಗೆ ಕುಳಿತವರಿಗೆ ಎಂಜಿನ್ ಕಾಣುವುದಿಲ್ಲ ಎಂಬುದು ನೆನಪಿರಲಿ. ಶಿಬುಕಾವಾದಲ್ಲಿ ಬಂಡಿ ಬಹಳ ಹೊತ್ತು ನಿಲ್ಲುತ್ತದೆ, ಫೋಟೊ ಅಲ್ಲೇ ತೆಗೆದುಕೊಳ್ಳಿ. ನಾವು ಹೋದಾಗ ಚಾಲಕನ ಕೋಣೆಯ ಮುಂದೆ ಮಕ್ಕಳಿಗಿಂತ ಅಜ್ಜಂದಿರೇ ಹೆಚ್ಚಾಗಿದ್ದರು.

ಊಟದ ವಿಷಯ. ತಕಾಸಾಕಿ ನಿಲ್ದಾಣದಲ್ಲಿ ದಾರುಮಾ ಗೊಂಬೆಯ ಮುಖದ ಕೆಂಪು ಡಬ್ಬಿಯಲ್ಲಿ ಬುತ್ತಿ ಮಾರುತ್ತಾರೆ. ಗೊಂಬೆ ನಮ್ಮ ದಕ್ಷಿಣದಿಂದ ಹೋದನೆನ್ನುವ ಬೌದ್ಧ ಭಿಕ್ಷು ಬೋಧಿಧರ್ಮನದು, ಆದರೆ ಬುತ್ತಿಯಲ್ಲಿ ಕೋಳಿ ಇರುತ್ತದೆ. ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದೇ ಕ್ಷೇಮ.

ಮಿನಕಾಮಿಯಲ್ಲಿ ಇಳಿದ ಕೂಡಲೇ ಊಟಕ್ಕೆ ಕೂರಬೇಡಿ. ನಿಲ್ದಾಣದ ಹತ್ತಿರವೇ ಎಂಜಿನ್ನನ್ನು ತಿರುಗಿಸುವ ಟರ್ನ್‌ಟೇಬಲ್ ಇದೆ; ಬಂಡಿಯಿಂದ ಬಿಡಿಸಿಕೊಂಡು ಎಂಜಿನ್ ನೇರ ಅಲ್ಲಿಗೇ ಬರುತ್ತದೆ. ಇಡೀ ಪ್ರಯಾಣದಲ್ಲಿ ಅದನ್ನು ಪೂರ್ತಿಯಾಗಿ, ಎಲ್ಲ ಕಡೆಯಿಂದ ನೋಡಲು ಸಿಗುವುದು ಅಲ್ಲೇ. ಮಂಡಿ ಗಟ್ಟಿಯಿದ್ದವರು ಎರಡು ನಿಲ್ದಾಣ ಮುಂದಿನ ದೋಆಯಿಗೂ ಹೋಗಬಹುದು. ಅಲ್ಲಿ ಸುರಂಗದೊಳಗಿನ ಪ್ಲಾಟ್‌ಫಾರಂನಿಂದ ಹೊರಬರಲು 486 ಮೆಟ್ಟಿಲು. ಆ ಕಡೆಗೆ ರೈಲುಗಳು ತೀರಾ ಕಡಿಮೆ, ಹಿಂದಿರುಗುವ ಸಮಯ ನೋಡಿಕೊಂಡೇ ಹೊರಡಿ.