ಮೀಟರಿನಲ್ಲಿ ಮೊದಲ ಅಂಕಿ

ಬರ್ಮುಡಾದಿಂದ, ಅಟ್ಲಾಂಟಿಕ್ ನಡುವಿನ ಪೋರ್ಚುಗಲ್‌ನ ದ್ವೀಪಸಮೂಹ ಅಝೋರ್ಸ್‌ನ ಹೋರ್ಟಾ ಬಂದರಿಗೆ ಸುಮಾರು 1,800 ನಾಟಿಕಲ್ ಮೈಲಿ. ಹಾಯಿದೋಣಿಯಲ್ಲಿ ನಾವು ನಾಲ್ಕು ಜನ. ಹದಿನಾರನೇ ದಿನ, ಇನ್ನು ಬರೀ 50 ಮೈಲಿ ಉಳಿದಿದೆ ಅನ್ನುವಾಗ ಸ್ಕಿಪ್ಪರ್ ಬಂದು ಹಾಯಿ ಚಿಕ್ಕದು ಮಾಡಿ ಅಂದರು.

ನನಗೆ ಸಿಟ್ಟು ಬಂತು. ಯಾಕೆ ಬರಬಾರದು? ಅಝೋರ್ಸ್ ಸುತ್ತಮುತ್ತ ಬೇಸಿಗೆಯಲ್ಲಿ ಹೆಚ್ಚು ಒತ್ತಡದ ದೊಡ್ಡ ವಲಯವೊಂದು ಬಂದು ಕೂತಿರುತ್ತದೆ, ಅದರ ನಡುವೆ ಸಿಕ್ಕಿಕೊಂಡು ಮೂರು ದಿನ ಗಾಳಿಯೇ ಇಲ್ಲದೆ, ಡೀಸೆಲ್ ಉಳಿಸಬೇಕು ಅಂತ ಎಂಜಿನ್ನೂ ಹಾಕದೆ, ಹಾಯಿ ಪಟಪಟ ಬಡಿದುಕೊಳ್ಳುವುದನ್ನು ಕೇಳುತ್ತಾ ಬಿದ್ದುಕೊಂಡಿದ್ದೆವು. ಈಗ ಉತ್ತರದಿಂದ ಒಳ್ಳೆ ಗಾಳಿ ಬಂದಿದೆ, ದೋಣಿ 6 ನಾಟ್‌ನಲ್ಲಿ, ಅಂದರೆ ಗಂಟೆಗೆ 6 ನಾಟಿಕಲ್ ಮೈಲಿ ವೇಗದಲ್ಲಿ ಓಡುತ್ತಿದೆ, ಈಗ ನಿಧಾನ ಮಾಡಬೇಕಂತೆ! ಕತ್ತಲಲ್ಲಿ ಗೊತ್ತಿಲ್ಲದ ಬಂದರಿಗೆ ನುಗ್ಗೋದು ಬೇಡ, ಬೆಳಗಾಗಲಿ ಅನ್ನೋದು ಅವರ ಮಾತು. ಸರಿಯಾದ ಮಾತೇ. ಸುಮ್ನೆ ಹಗ್ಗ ಎಳೆದೆ. ವೇಗ ಮೂರೂವರೆಗೆ ಇಳಿಯಿತು.

ರಾತ್ರಿ ಹನ್ನೆರಡರಿಂದ ಮೂರು ನನ್ನ ಪಾಳಿ. ದೋಣಿಯ ಗಡಿಯಾರ ಇನ್ನೂ ಬರ್ಮುಡಾ ಸಮಯದಲ್ಲೇ ಇತ್ತು, ದ್ವೀಪಕ್ಕಿಂತ ಮೂರು ಗಂಟೆ ಹಿಂದೆ. ಎದುರಿಗೆ ಹೋರ್ಟಾ ಇರುವ ಫಯಾಲ್ ದ್ವೀಪದ ದೀಪಗಳು. ಒಂದು ಗಂಟೆ ಹೊತ್ತಿಗೆ ಇದ್ದಕ್ಕಿದ್ದಂತೆ ವಾಸನೆ ಬಂತು. ಹಸಿ ಹುಲ್ಲು, ಒದ್ದೆ ಮಣ್ಣು, ಜೊತೆಗೆ ಸಗಣಿ. ಹದಿನಾರು ದಿನ ಉಪ್ಪು, ಡೀಸೆಲ್ ಮತ್ತು ನಮ್ಮದೇ ಬೆವರು ಬಿಟ್ಟರೆ ಬೇರೆ ವಾಸನೆ ಕಂಡಿರದ ಮೂಗಿಗೆ ಆ ಸಗಣಿ ವಾಸನೆ ಎಷ್ಟು ಹಿತವಾಗಿತ್ತು ಅಂದರೆ, ನಗಬೇಡಿ, ಕಣ್ಣಲ್ಲಿ ನೀರು ಬಂತು.

ಆಮೇಲೆ ಹಕ್ಕಿಗಳು. ಹಗಲೆಲ್ಲ ಅಲೆಗೆ ರೆಕ್ಕೆ ತಾಗಿಸುವಷ್ಟು ತಗ್ಗಿನಲ್ಲಿ, ಸದ್ದಿಲ್ಲದೆ ತೇಲುತ್ತಿದ್ದವಲ್ಲ, ಅವೇ. ಅಲ್ಲಿಯವರು ಕಗಾರು ಅನ್ನುತ್ತಾರೆ. ರಾತ್ರಿ ಕಡಲಂಚಿನ ಬಂಡೆಗಳ ಗೂಡಿಗೆ ಮರಳುವಾಗ ಮಾತ್ರ ಅವು ಬಾಯಿ ಬಿಡುತ್ತವೆ. ಮಗು ಅತ್ತ ಹಾಗೆ, ಯಾರೋ ಮೂಗಿನಲ್ಲಿ ಅಣಕಿಸಿದ ಹಾಗೆ. ಕತ್ತಲಲ್ಲಿ ಮೊದಲ ಸಲ ಕೇಳಿದಾಗ ಎದೆ ಧಸಕ್ಕೆಂದಿತು. ಇಷ್ಟು ಹೊತ್ತಿಗೆ ನಾನು ಬಂದರಿನ ಕಟ್ಟೆಯ ಪಕ್ಕ ಗೊರಕೆ ಹೊಡೆಯುತ್ತಿರಬೇಕಿತ್ತು, ಇದ್ಯಾವುದೂ ಸಿಗುತ್ತಿರಲಿಲ್ಲ. ಸ್ಕಿಪ್ಪರ್‌ಗೆ ಇದನ್ನು ಹೇಳಲಿಲ್ಲ, ಅಷ್ಟು ದೊಡ್ಡ ಮನಸ್ಸು ನನಗಿಲ್ಲ.

ಪಾಳಿ ಮುಗಿಯುವಷ್ಟರಲ್ಲಿ ಬೆಳಕು ಹರಿಯಿತು. ಪಿಕೋ ಪರ್ವತ 2,351 ಮೀಟರ್, ಪೋರ್ಚುಗಲ್‌ನಲ್ಲೇ ಎತ್ತರದ್ದು. ನಮಗೆ ಕಂಡದ್ದು ಮೋಡದ ಮೇಲೆ ಎದ್ದ ಕಪ್ಪು ತುದಿ ಅಷ್ಟೇ.

ಚುಕ್ಕಾಣಿಯ ಪಕ್ಕ ನೀರಿನ ಆಳ ತೋರಿಸುವ ಮೀಟರ್ ಇದೆ. ದಾರಿಯುದ್ದಕ್ಕೂ ಅದರಲ್ಲಿ ಮೂರು ಗೀಟು ಬಿಟ್ಟರೆ ಏನೂ ಇರಲಿಲ್ಲ. ಕೆಳಗೆ ಸಾವಿರಾರು ಮೀಟರ್ ನೀರು, ಅಷ್ಟು ಆಳ ಅದರ ಅಳತೆಗೆ ಸಿಗುವುದಿಲ್ಲ. ಫಯಾಲ್‌ನ ದಕ್ಷಿಣ ದಂಡೆ ಬಳಸಿ ಬರುವಾಗ ಗೀಟು ಹೋಗಿ 96 ಬಂತು. ನಾಲ್ವರೂ ಬಗ್ಗಿ ನೋಡಿದೆವು, ಯಾರೂ ಮಾತಾಡಲಿಲ್ಲ.

ಬಂದರಿನ ಕಟ್ಟೆಯಲ್ಲಿ ನಿಂತಿದ್ದವನಿಗೆ ನಾನು ಎಸೆದ ಹಗ್ಗ ಎರಡು ಸಲ ನೀರಿಗೆ ಬಿತ್ತು. ಇಷ್ಟು ದೂರ ಬಂದು ಆರು ಅಡಿ ಎಸೆಯಲು ಆಗಲಿಲ್ಲ. ಕೆಳಗಿಳಿದರೆ ನೆಲ ತೂಗುತ್ತಿತ್ತು, ಸ್ನಾನದ ಮನೆಯಲ್ಲಿ ಗೋಡೆ ಹಿಡಿದೇ ನಿಂತೆ. ಈ ಬಂದರಿನ ಕಟ್ಟೆಯಲ್ಲಿ ಪ್ರತಿ ದೋಣಿಯವರೂ ಒಂದು ಚಿತ್ರ ಬರೆದು ಹೋಗಬೇಕು, ಬರೆಯದಿದ್ದರೆ ಮುಂದಿನ ಪಯಣಕ್ಕೆ ಅಪಶಕುನ ಅಂತ ನಂಬಿಕೆ. ನಾಳೆ ಬರೆಯೋಣ ಎಂದು ಎಲ್ಲರೂ ಮಲಗಿದೆವು.

ನಡುರಾತ್ರಿ ತಟ್ಟನೆ ಎಚ್ಚರ. ದ್ವೀಪದಲ್ಲಿ ಮೂರು ಗಂಟೆ, ದೋಣಿಯ ಗಡಿಯಾರದಲ್ಲಿ ಹನ್ನೆರಡು. ಜಾಕೆಟ್ ಹಾಕಿಕೊಂಡು ಮೇಲೆ ಹೋದರೆ ಸ್ಕಿಪ್ಪರ್ ಆಗಲೇ ಅಲ್ಲಿ ಕೂತಿದ್ದರು. ಮೀಟರ್ ಆನ್ ಆಗಿತ್ತು. 5.2.

"ಬ್ಯಾಟರಿ ಹಾಳು, ಅಲ್ವಾ?" ಅಂದೆ. ಪಕ್ಕಕ್ಕೆ ಸರಿದು ಜಾಗ ಕೊಟ್ಟರು.